ಮನೆಯವರ ಫೋನು, ಕಂಪ್ಯೂಟರ್‌ಗೆ ಕಾವಲು: ಯಾವ ಸಾಫ್ಟ್‌ವೇರ್ ಯಾರಿಗೆ?

ನಮ್ಮ ಬಳಗದಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಕರೆ ಬರುವುದು ನನಗೇ. ಹೋದ ವರ್ಷ ದೊಡ್ಡಮ್ಮನ ಲ್ಯಾಪ್‌ಟಾಪ್ "ತುಂಬಾ ನಿಧಾನ ಆಗಿದೆ, ಸ್ವಲ್ಪ ನೋಡು" ಅಂತ ನನ್ನ ಮೇಜಿಗೆ ಬಂತು. ತೆರೆದು ನೋಡಿದರೆ ಒಳಗೆ ಮೂರು ಆಂಟಿವೈರಸ್. ಒಂದು ಲ್ಯಾಪ್‌ಟಾಪ್ ಕೊಂಡಾಗ ಜೊತೆಗೇ ಬಂದದ್ದು. ಅದರ ಅವಧಿ ಮುಗಿದು ಎರಡು ವರ್ಷ ಆಗಿತ್ತು. ಇನ್ನೊಂದು ಯಾವುದೋ ಪಿಡಿಎಫ್ ಸಾಫ್ಟ್‌ವೇರ್ ಹಾಕುವಾಗ ಟಿಕ್ ತೆಗೆಯದೆ ಇದ್ದದ್ದಕ್ಕೆ ಒಳಗೆ ನುಸುಳಿದ್ದು. ಆ ಎರಡೂ ಸರಿಯಿಲ್ಲ ಅಂತ ಯಾರೋ ಪುಣ್ಯಾತ್ಮರು ಮೂರನೆಯದನ್ನು ಹಾಕಿಕೊಟ್ಟಿದ್ದರು. ಇಷ್ಟು ಕಾವಲಿನ ನಡುವೆ ದೊಡ್ಡಮ್ಮನ ಇಮೇಲ್, ಬ್ಯಾಂಕು, ಆನ್‌ಲೈನ್ ಅಂಗಡಿ ಎಲ್ಲಕ್ಕೂ ಒಂದೇ ಪಾಸ್‌ವರ್ಡ್. ಅದನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಅಡಿಗೆ ಅಂಟಿಸಿದ್ದರು. ಚೀಟಿ ಅಂಥ ದೊಡ್ಡ ತಪ್ಪೇನಲ್ಲ ಬಿಡಿ, ಎಲ್ಲೋ ಕೂತ ಕಳ್ಳ ಬಂದು ಲ್ಯಾಪ್‌ಟಾಪ್ ಎತ್ತಿ ನೋಡಲಾರ. ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಇತ್ತಲ್ಲ, ಅದು ತಪ್ಪು.

ಅಂದಿನಿಂದ ಯಾರಾದರೂ "ಒಳ್ಳೆ ಆಂಟಿವೈರಸ್ ಯಾವುದು?" ಅಂತ ಕೇಳಿದರೆ ನಾನು ತಿರುಗಿ ಮೂರು ಪ್ರಶ್ನೆ ಹಾಕುತ್ತೇನೆ. ಯಾರು ಬಳಸುವ ಫೋನು ಅಥವಾ ಕಂಪ್ಯೂಟರ್? ಏನು ಹೋದರೆ ಜಾಸ್ತಿ ಹೊಟ್ಟೆ ಉರಿಯುತ್ತದೆ, ದುಡ್ಡೋ, ಫೋಟೋಗಳೋ, ಮಕ್ಕಳ ನೆಮ್ಮದಿಯೋ? ಹಾಕಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಈ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದ ಮನೆಯಲ್ಲಿ ಎಂಥ ಸಾಫ್ಟ್‌ವೇರ್ ಹಾಕಿದರೂ ದೊಡ್ಡಮ್ಮನ ಲ್ಯಾಪ್‌ಟಾಪಿನ ಗತಿಯೇ. ಹಾಗಾಗಿ ಈ ಹೋಲಿಕೆಯಲ್ಲಿ ನಾನು ಯಾವುದರಲ್ಲಿ ಎಷ್ಟು ಸೌಲಭ್ಯ ಇದೆ ಅಂತ ಎಣಿಸಲು ಹೋಗಿಲ್ಲ. ಯಾವುದು ಯಾರ ಕೈಯಲ್ಲಿ ನಿಲ್ಲುತ್ತದೆ ಅಂತ ನೋಡಿದ್ದೇನೆ.

ಆಂಟಿವೈರಸ್: ಇರುವುದೇ ಸಾಕಾ?

ವಿಂಡೋಸ್ ಕಂಪ್ಯೂಟರ್ ಇದ್ದರೆ ನಿಮ್ಮ ಹತ್ತಿರ ಆಂಟಿವೈರಸ್ ಆಗಲೇ ಇದೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಡಿಫೆಂಡರ್ ಅದರ ಜೊತೆಗೇ ಬರುತ್ತದೆ. ಶುರುವಿನಲ್ಲಿ ಅದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಜರ್ಮನಿಯ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಎರಡು ಸ್ವತಂತ್ರ ಲ್ಯಾಬ್‌ಗಳು ಇಂಥ ಸಾಫ್ಟ್‌ವೇರ್‌ಗಳನ್ನು ವರ್ಷವಿಡೀ ಪರೀಕ್ಷೆ ಮಾಡುತ್ತವೆ. ಅವರ ಪಟ್ಟಿಯಲ್ಲಿ ಮೊದಲು ಹಿಂದೆ ಬೀಳುತ್ತಿದ್ದ ಡಿಫೆಂಡರ್ ಈಗ ದುಡ್ಡು ಕೊಟ್ಟು ಕೊಳ್ಳುವ ಬಿಟ್‌ಡಿಫೆಂಡರ್, ಇಸೆಟ್, ನಾರ್ಟನ್‌ಗಳ ಪಕ್ಕದಲ್ಲೇ ನಿಲ್ಲುತ್ತದೆ. ಇಂಟರ್ನೆಟ್ ಇಲ್ಲದಾಗ ಮಾತ್ರ ಅದರ ಹಿಡಿತ ಸ್ವಲ್ಪ ಸಡಿಲ. ಕಂಪ್ಯೂಟರ್ ಯಾವಾಗಲೂ ಆನ್‌ಲೈನ್ ಇರುವ ಮನೆಗೆ ಇದು ದೊಡ್ಡ ಕೊರತೆ ಅಲ್ಲ.

ಡಿಫೆಂಡರ್‌ನಲ್ಲಿ ಒಂದು ಒಳ್ಳೆಯ ಕೀಲಿ ಇದೆ, ಆದರೆ ಅದನ್ನು ನೀವೇ ತಿರುಗಿಸಬೇಕು. ಹೆಸರು ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್. ವಿಂಡೋಸ್ ಸೆಕ್ಯುರಿಟಿಯಲ್ಲಿ ರ್‍ಯಾನ್ಸಮ್‌ವೇರ್ ಅನ್ನುವ ಭಾಗದ ಒಳಗೆ ಸಿಗುತ್ತದೆ. ಆನ್ ಮಾಡಿದರೆ ಗೊತ್ತಿಲ್ಲದ ಸಾಫ್ಟ್‌ವೇರ್ ಯಾವುದೂ ನಿಮ್ಮ ಡಾಕ್ಯುಮೆಂಟ್ಸ್, ಫೋಟೋ ಫೋಲ್ಡರ್‌ಗಳನ್ನು ತಿದ್ದಲು ಆಗದು. ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವವರ ಕೈ ಅಲ್ಲಿ ಕಟ್ಟಿಹೋಗುತ್ತದೆ. ಕಿರಿಕಿರಿ ಇಲ್ಲದೆ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ಒಂದು ಹಳೆಯ ಗೇಮ್ ಎರಡು ದಿನ ಸೇವ್ ಆಗದೆ ಸತಾಯಿಸಿತು. ಅದನ್ನು ಅನುಮತಿ ಇರುವ ಸಾಫ್ಟ್‌ವೇರ್‌ಗಳ ಪಟ್ಟಿಗೆ ಸೇರಿಸಿದ ಮೇಲೆ ಸರಿಹೋಯಿತು. ಇನ್ನೊಂದು ಮಾತು: ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ. ಆಗ ಈ ಕೀಲಿಯೂ ಕೆಲಸ ಮಾಡುವುದಿಲ್ಲ.

ಹಾಗಾದರೆ ದುಡ್ಡು ಯಾವಾಗ ಕೊಡಬೇಕು? ಐದಾರು ಕಂಪ್ಯೂಟರ್, ಫೋನುಗಳನ್ನು ಒಬ್ಬರೇ ಒಂದೇ ಕಡೆ ಕೂತು ನೋಡಿಕೊಳ್ಳಬೇಕಾದಾಗ ಕೊಡಬಹುದು. ತೊಂದರೆ ಆದಾಗ ಫೋನಿನಲ್ಲಿ ಮಾತಾಡಿ ಸರಿಮಾಡಿಸಿಕೊಳ್ಳಲು ಒಬ್ಬರು ಬೇಕು ಅನ್ನುವವರೂ ಕೊಡಬಹುದು. ಉಳಿದಂತೆ ಆ ಪ್ಯಾಕೇಜುಗಳಲ್ಲಿ ತುಂಬಿರುವ ವಿಪಿಎನ್ (ನೀವು ನೋಡುವುದನ್ನು ಇಂಟರ್ನೆಟ್ ಕಂಪನಿಯಿಂದ ಮರೆಮಾಡುವುದು), ಪಾಸ್‌ವರ್ಡ್ ಮ್ಯಾನೇಜರ್, "ಕಂಪ್ಯೂಟರ್ ಚುರುಕು ಮಾಡುವ" ಗುಂಡಿ ಇವೆಲ್ಲ ಬಿಡಿಯಾಗಿ ಬೇರೆ ಕಡೆ ಚೆನ್ನಾಗಿ ಸಿಗುತ್ತವೆ. ಕೊಳ್ಳುವುದೇ ಆದರೆ ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ, ಎರಡನೇ ವರ್ಷದ್ದನ್ನು ಹುಡುಕಿ ಓದಿ. ಅದನ್ನು ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ.

ಬಿಟ್ಟಿ ಆಂಟಿವೈರಸ್‌ಗಳ ವಿಚಾರದಲ್ಲಿ ಒಂದು ಕಥೆ ಗೊತ್ತಿರಲಿ. ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ್ಯಾವ ಜಾಲತಾಣ ನೋಡುತ್ತಾರೆ ಅನ್ನುವ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ವಿಷಯ ಹೊರಬಿದ್ದ ಮೇಲೆ 2020ರಲ್ಲಿ ಜಂಪ್‌ಶಾಟ್ ಮುಚ್ಚಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕಂಪನಿ 1.65 ಕೋಟಿ ಡಾಲರ್ ಕಟ್ಟಬೇಕು ಅಂತ ಪ್ರಕಟಿಸಿತು. ಕಾವಲಿಗೆ ಇಟ್ಟವನೇ ಮನೆಯ ಗುಟ್ಟು ಮಾರಿದ ಹಾಗೆ. ವಿಂಡೋಸ್‌ನಲ್ಲಿ ಡಿಫೆಂಡರ್ ಇರುವಾಗ ಇನ್ನೊಂದು ಬಿಟ್ಟಿ ಆಂಟಿವೈರಸ್ ಹಾಕಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಮ್ಯಾಕ್‌ನಲ್ಲಿ ಎಕ್ಸ್‌ಪ್ರೊಟೆಕ್ಟ್, ಗೇಟ್‌ಕೀಪರ್ ಎಂಬ ಎರಡು ಕಾವಲು ಒಳಗೇ ಇವೆ. ಐಫೋನಿನಲ್ಲಿ ಒಂದು ಆ್ಯಪ್ ಇನ್ನೊಂದರ ಒಳಗೆ ಇಣುಕುವಂತಿಲ್ಲ. ಹಾಗಾಗಿ "ಐಫೋನ್ ಆಂಟಿವೈರಸ್" ಅಂತ ಮಾರುವ ಆ್ಯಪ್ ಬೇರೆ ಆ್ಯಪ್‌ಗಳನ್ನು ಸ್ಕ್ಯಾನ್ ಮಾಡುವ ಮಾತೇ ಇಲ್ಲ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನದೇ ಕಾವಲು ಪ್ಲೇ ಪ್ರೊಟೆಕ್ಟ್ ಇದೆ. ಅಲ್ಲಿ ಅಪಾಯ ಬರುವ ಮುಖ್ಯ ದಾರಿ ಮೆಸೇಜಿನಲ್ಲಿ ಬರುವ ಎಪಿಕೆ, ಅಂದರೆ ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಹಾಕುವ ಕಡತ. ಮದುವೆ ಕರೆಯೋಲೆ ಅಂತಲೋ ಬಾಕಿ ಬಿಲ್ ಅಂತಲೋ ಹೆಸರು ಹೊತ್ತು ಬರುತ್ತದೆ. ಹಾಕಿಕೊಂಡ ಕೂಡಲೇ ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತದೆ. ಕಣ್ಣು ಕಾಣದವರಿಗೆ ಸಹಾಯವಾಗಲಿ ಅಂತ ಮಾಡಿದ ಅನುಮತಿ ಅದು. ಕೊಟ್ಟರೆ ಆ್ಯಪ್ ನಿಮ್ಮ ಪರದೆಯನ್ನೇ ಓದಬಹುದು, ನಿಮ್ಮ ಪರವಾಗಿ ಒತ್ತಬಹುದು. ಸೆಟ್ಟಿಂಗ್ಸ್‌ನಲ್ಲಿ "ಅಪರಿಚಿತ ಆ್ಯಪ್‌ಗಳ ಇನ್‌ಸ್ಟಾಲ್" ಅನ್ನುವುದನ್ನು ಮೆಸೇಜ್ ಆ್ಯಪ್‌ಗಳಿಗೂ ಬ್ರೌಸರ್‌ಗೂ ಆಫ್ ಮಾಡಿಡಿ. ಫೋನಿಗೆ ಬೇರೆ ಆಂಟಿವೈರಸ್ ಕೊಳ್ಳುವುದಕ್ಕಿಂತ ಇದು ಮೇಲು.

ಅಪ್‌ಡೇಟ್ ನಿಂತುಹೋದ ಕಂಪ್ಯೂಟರನ್ನು ಯಾವ ಆಂಟಿವೈರಸ್ಸೂ ಪೂರ್ತಿ ಕಾಯಲಾರದು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ರ್‍ಯಾನ್ಸಮ್‌ವೇರ್ ಜಗತ್ತಿನ ಉದ್ದಗಲಕ್ಕೂ ಆಸ್ಪತ್ರೆ, ಕಚೇರಿಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿತಲ್ಲ, ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯಲ್ಲಿ ಅದು ಇನ್ನೂ ಓಡುತ್ತಿದ್ದರೆ ಆಂಟಿವೈರಸ್ ಆರಿಸುವುದನ್ನು ಆಮೇಲೆ ನೋಡಿ, ಮೊದಲು ಅದರ ಗತಿ ಏನು ಅಂತ ತೀರ್ಮಾನ ಮಾಡಿ.

ಮಕ್ಕಳ ಫೋನು

ಇಲ್ಲಿ ಆಯ್ಕೆ ಸುಲಭ, ಏಕೆಂದರೆ ಫೋನು ಯಾವುದು ಅನ್ನುವುದೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ.

ಮಗುವಿನ ಕೈಯಲ್ಲಿ ಆಂಡ್ರಾಯ್ಡ್ ಇದ್ದರೆ ಗೂಗಲ್ ಫ್ಯಾಮಿಲಿ ಲಿಂಕ್. ಪುಕ್ಕಟೆ. ಅಪ್ಪ ಅಮ್ಮನ ಫೋನು ಆಂಡ್ರಾಯ್ಡ್ ಆದರೂ ನಡೆಯುತ್ತದೆ, ಐಫೋನ್ ಆದರೂ ನಡೆಯುತ್ತದೆ. ಹೊಸ ಆ್ಯಪ್ ಬೇಕಾದರೆ ಮಗು ಕೇಳಬೇಕು, ನೀವು ಒಪ್ಪಬೇಕು. ದಿನದ ಸಮಯ, ಮಲಗುವ ಹೊತ್ತು, ಫೋನು ಎಲ್ಲಿದೆ ಎಲ್ಲವೂ ಸಿಗುತ್ತದೆ. ಮೆಸೇಜುಗಳನ್ನು ಅದು ತೋರಿಸುವುದಿಲ್ಲ. ನನಗೆ ಅದು ಕೊರತೆ ಅನ್ನಿಸುವುದಿಲ್ಲ.

ಮಗುವಿಗೆ ಐಫೋನ್ ಅಥವಾ ಐಪ್ಯಾಡ್ ಕೊಟ್ಟಿದ್ದರೆ ಆ್ಯಪಲ್ ಸ್ಕ್ರೀನ್ ಟೈಮ್. 2018ರಿಂದ ಫೋನಿನ ಒಳಗೇ ಇದೆ. ದೂರದಿಂದ ನೋಡಿಕೊಳ್ಳಬೇಕಾದರೆ ನಿಮ್ಮ ಹತ್ತಿರವೂ ಆ್ಯಪಲ್ ಸಾಧನ ಇರಬೇಕು. ಅದರಲ್ಲಿ ನನಗೆ ಹಿಡಿಸಿದ್ದು ಕಮ್ಯುನಿಕೇಶನ್ ಸೇಫ್ಟಿ. ಮಗುವಿಗೆ ಬೆತ್ತಲೆ ಚಿತ್ರ ಬಂದರೆ ಅದನ್ನು ಮಸುಕು ಮಾಡಿ ಎಚ್ಚರಿಸುತ್ತದೆ. ಪರೀಕ್ಷೆ ಫೋನಿನ ಒಳಗೇ ನಡೆಯುತ್ತದೆ, ಚಿತ್ರ ಆ್ಯಪಲ್‌ಗೂ ಹೋಗುವುದಿಲ್ಲ. ಸ್ಕ್ರೀನ್ ಟೈಮ್‌ನ ದುರ್ಬಲ ಜಾಗ ಅಂದರೆ ನಾಲ್ಕು ಅಂಕೆಯ ಪಾಸ್‌ಕೋಡ್. "ಇನ್ನು ಹತ್ತೇ ನಿಮಿಷ" ಅಂತ ಮಗು ಪಕ್ಕದಲ್ಲಿ ನಿಂತಾಗ ನೀವು ಅದನ್ನು ಒತ್ತುತ್ತೀರಿ. ಎರಡು ಸಲ ನೋಡಿದರೆ ಸಾಕು, ಅವರಿಗೆ ಬಾಯಿಪಾಠ.

ವಿಂಡೋಸ್ ಕಂಪ್ಯೂಟರ್, ಎಕ್ಸ್‌ಬಾಕ್ಸ್ ಇರುವ ಮನೆಗೆ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ. ಸಮಯದ ಮಿತಿ ಚೆನ್ನಾಗಿ ಕೆಲಸ ಮಾಡುತ್ತದೆ. ಜಾಲತಾಣಗಳ ಸೋಸುವಿಕೆ ಮಾತ್ರ ಎಡ್ಜ್ ಬ್ರೌಸರಿನಲ್ಲಷ್ಟೇ. ಅದನ್ನು ಆನ್ ಮಾಡಿದರೆ ಬೇರೆ ಬ್ರೌಸರ್‌ಗಳನ್ನು ತಡೆಹಿಡಿಯುತ್ತದೆ. ಕ್ರೋಮ್‌ನಲ್ಲಿ ಶಾಲೆಯ ಕೆಲಸ ಮಾಡುವ ಮಗು ಮೊದಲ ದಿನವೇ ಜಗಳ ತೆಗೆಯುತ್ತದೆ. ಮಗುವಿಗೆ ಬೇರೆ ಅಕೌಂಟ್ ಬೇಕು, ಅದು ಎಲ್ಲ ಸೆಟ್ಟಿಂಗ್ಸ್ ಬದಲಿಸಬಲ್ಲ ಅಡ್ಮಿನ್ ಆಗಿರಬಾರದು. ಇಲ್ಲದಿದ್ದರೆ ಇಷ್ಟೂ ವ್ಯರ್ಥ.

ಕಲಬೆರಕೆ ಮನೆಗೆ, ಅಂದರೆ ಒಬ್ಬರಿಗೆ ಐಫೋನ್, ಒಬ್ಬರಿಗೆ ಆಂಡ್ರಾಯ್ಡ್, ಮಧ್ಯೆ ಒಂದು ವಿಂಡೋಸ್ ಇದ್ದರೆ, ಕುಸ್ಟೋಡಿಯೋ ಅಥವಾ ನೆಟ್ ನ್ಯಾನಿಯಂಥ ದುಡ್ಡು ಕೊಡುವ ಸೇವೆ ಅನುಕೂಲ. ಎಲ್ಲ ಒಂದೇ ಪರದೆಯಲ್ಲಿ ಕಾಣುತ್ತದೆ. ಆದರೆ ಆಂಡ್ರಾಯ್ಡ್‌ನಲ್ಲಿ ಅವು ಮಾಡುವಷ್ಟನ್ನು ಐಫೋನಿನಲ್ಲಿ ಮಾಡಲು ಆ್ಯಪಲ್ ಬಿಡುವುದಿಲ್ಲ. ಬಾರ್ಕ್ ಅನ್ನುವುದರ ರೀತಿ ಬೇರೆ. ಅದು ಎಲ್ಲ ಮಾತನ್ನೂ ನಿಮ್ಮ ಮುಂದೆ ಸುರಿಯುವುದಿಲ್ಲ. ಬೆದರಿಕೆ, ತನಗೆ ತಾನೇ ನೋವು ಮಾಡಿಕೊಳ್ಳುವ ಮಾತು, ದೊಡ್ಡವರ ಕೆಟ್ಟ ಸಂಪರ್ಕದ ಸುಳಿವು ಕಂಡರೆ ಮಾತ್ರ ಎಚ್ಚರಿಸುತ್ತದೆ. ಹದಿನಾಲ್ಕು ದಾಟಿದ ಮಕ್ಕಳಿಗೆ ನಾನು ಈ ರೀತಿಯದ್ದನ್ನೇ ಆರಿಸುತ್ತೇನೆ, ಅದೂ ಅವರಿಗೆ ಹೇಳಿ. "ಐಕಾನ್ ಕಾಣಿಸುವುದಿಲ್ಲ, ಮಗುವಿಗೆ ಗೊತ್ತೇ ಆಗುವುದಿಲ್ಲ" ಅಂತ ಕೊಚ್ಚಿಕೊಳ್ಳುವ ಆ್ಯಪ್‌ಗಳ ಹತ್ತಿರ ಸುಳಿಯಬೇಡಿ. ಗುಟ್ಟಾಗಿ ನೋಡುವ ಆ್ಯಪ್ ನೋಡಿದ್ದನ್ನೆಲ್ಲ ಎಲ್ಲೋ ಒಂದು ಕಡೆ ಕೂಡಿಡುತ್ತದೆ, ಅಲ್ವಾ? ಎಂಸ್ಪೈ ಎಂಬ ಇಂಥ ಕಂಪನಿಯಿಂದ ಮಾಹಿತಿ 2015ರಲ್ಲಿ ಸೋರಿತು, 2018ರಲ್ಲಿ ಸೋರಿತು, 2024ರಲ್ಲಿ ಮತ್ತೆ ಸೋರಿತು.

ಯಾವುದನ್ನೇ ಹಾಕಿ, ಮೊದಲ ವಾರ ಹತ್ತಿರದಿಂದ ನೋಡಿ. ತಮ್ಮನ ಮಗನಿಗೆ ಹನ್ನೊಂದು ವರ್ಷ. ಯೂಟ್ಯೂಬ್ ಆ್ಯಪ್‌ಗೆ ದಿನಕ್ಕೆ ಒಂದು ಗಂಟೆ ಅಂತ ಇಟ್ಟಿದ್ದರು. ಹುಡುಗ ಒಂದು ಮಾತೂ ಆಡದೆ ಒಪ್ಪಿಕೊಂಡ. ಅಲ್ಲೇ ಅನುಮಾನ ಬರಬೇಕಿತ್ತು. ಆ್ಯಪ್ ಮುಚ್ಚಿಕೊಂಡ ಕೂಡಲೇ ಬ್ರೌಸರ್ ತೆರೆದು ಅಲ್ಲಿ ಯೂಟ್ಯೂಬ್ ನೋಡುತ್ತಿದ್ದ. ಮಿತಿ ಇದ್ದದ್ದು ಆ್ಯಪ್‌ಗೆ ಮಾತ್ರ ತಾನೆ. ಬೈಯಲು ಹೋದ ತಮ್ಮ ನಗುತ್ತಾ ಬಂದ.

ರೂಟರಿನಲ್ಲೇ ಸೋಸುವುದು

ಇದನ್ನು ಜನ ಬಳಸುವುದು ಕಡಿಮೆ, ಆದರೆ ಪಡುವ ಕಷ್ಟಕ್ಕೆ ಸಿಗುವ ಲಾಭ ನೋಡಿದರೆ ಇದಕ್ಕೆ ಸಾಟಿ ಇಲ್ಲ. ನೀವು ಜಾಲತಾಣದ ಹೆಸರು ಹೊಡೆದಾಗ ಆ ಹೆಸರಿನ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್. ಕೆಟ್ಟ ತಾಣ ಅಂತ ಗೊತ್ತಿರುವ ಹೆಸರಿಗೆ ವಿಳಾಸವನ್ನೇ ಕೊಡದ ಡಿಎನ್‌ಎಸ್‌ಗಳಿವೆ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಅವುಗಳ ನಂಬರ್ ಹಾಕಿದರೆ ಆಯಿತು. ಅಕೌಂಟ್ ಬೇಡ, ದುಡ್ಡು ಬೇಡ, ಯಾರ ಫೋನಿಗೂ ಏನೂ ಹಾಕಬೇಕಾಗಿಲ್ಲ.

ಕ್ಲೌಡ್‌ಫ್ಲೇರ್‌ನ 1.1.1.1 ಏನನ್ನೂ ಸೋಸುವುದಿಲ್ಲ. 1.1.1.2 ವೈರಸ್ ಹಂಚುವ ತಾಣಗಳನ್ನು ತಡೆಯುತ್ತದೆ. 1.1.1.3 ಅದರ ಜೊತೆಗೆ ಅಶ್ಲೀಲ ತಾಣಗಳನ್ನೂ ತಡೆಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿರುವ, ಲಾಭದ ಉದ್ದೇಶ ಇಲ್ಲದ ಕ್ವಾಡ್9ರ ನಂಬರ್ 9.9.9.9. ಅದು ಅಪಾಯಕಾರಿ ತಾಣಗಳನ್ನಷ್ಟೇ ತಡೆಯುತ್ತದೆ. ಅಶ್ಲೀಲ ತಾಣ ತಡೆಯುವ ಓಪನ್‌ಡಿಎನ್‌ಎಸ್ ಫ್ಯಾಮಿಲಿಶೀಲ್ಡ್‌ನ ನಂಬರ್ 208.67.222.123. ಚಿಕ್ಕ ಮಕ್ಕಳಿರುವ ಮನೆಗೆ 1.1.1.3, ದೊಡ್ಡವರೇ ಇರುವ ಮನೆಗೆ 9.9.9.9 ಅನ್ನುವುದು ನನ್ನ ರೂಢಿ. ಒಬ್ಬೊಬ್ಬರಿಗೆ ಒಂದೊಂದು ನಿಯಮ ಬೇಕು, ಕೆದಕುವ ಚಟವೂ ಇದೆ ಅಂದರೆ ನೆಕ್ಸ್ಟ್‌ಡಿಎನ್‌ಎಸ್ ನೋಡಿ. ತಿಂಗಳಿಗೆ 3 ಲಕ್ಷ ವಿಳಾಸ ಹುಡುಕಾಟದವರೆಗೆ ಪುಕ್ಕಟೆ. ಅದು ಮುಗಿದರೆ ಇಂಟರ್ನೆಟ್ ನಿಲ್ಲುವುದಿಲ್ಲ, ಸೋಸುವುದು ನಿಲ್ಲುತ್ತದೆ.

ಮಿತಿ ಏನು ಗೊತ್ತಾ? ಮಗು ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಹೋದರೆ ಮನೆಯ ರೂಟರ್ ಸುಮ್ನೆ ನೋಡುತ್ತಾ ಕೂರಬೇಕು. ಆಂಡ್ರಾಯ್ಡ್ 9 ಮತ್ತು ಅದರ ನಂತರದ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇದೆ, ಅಲ್ಲಿ ಹಾಕಿದರೆ ಎಲ್ಲಿ ಹೋದರೂ ಜೊತೆಗಿರುತ್ತದೆ. ಅಲ್ಲಿ ನಂಬರ್ ಹಾಕಿದರೆ ಒಪ್ಪುವುದಿಲ್ಲ, ಆ ಸೇವೆಯ ಹೆಸರಿನ ವಿಳಾಸ ಹಾಕಬೇಕು. ವಿಪಿಎನ್ ಹಾಕಿಕೊಂಡರೂ ಸೋಸುವಿಕೆ ತಪ್ಪಿಹೋಗುತ್ತದೆ. ಇನ್ನು, ಡಿಎನ್‌ಎಸ್ ತಡೆದರೆ ಇಡೀ ತಾಣವನ್ನೇ ತಡೆಯುತ್ತದೆ. ಯೂಟ್ಯೂಬಿನ ಒಳಗಿನ ಒಂದು ಕೆಟ್ಟ ವಿಡಿಯೋ ಅದಕ್ಕೆ ಕಾಣುವುದೇ ಇಲ್ಲ.

ಪಾಸ್‌ವರ್ಡ್ ಮ್ಯಾನೇಜರ್

ಪಾಸ್‌ವರ್ಡ್‌ಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ಕೂಡಿಟ್ಟು, ಒಂದು ಮುಖ್ಯ ಪಾಸ್‌ವರ್ಡಿನಿಂದ ತೆರೆಯುವ ಸಾಫ್ಟ್‌ವೇರ್ ಇದು. ಒಂದೇ ಕೆಲಸ ಮಾಡುವಷ್ಟು ವ್ಯವಧಾನ ಇದ್ದರೆ ಇದನ್ನು ಮಾಡಿ, ಉಳಿದದ್ದನ್ನು ಬಿಟ್ಟರೂ ಪರವಾಗಿಲ್ಲ.

ಮನೆಯಲ್ಲಿ ಎಲ್ಲರದ್ದೂ ಆ್ಯಪಲ್ ಆದರೆ ಅದರದೇ ಪಾಸ್‌ವರ್ಡ್ಸ್ ಆ್ಯಪ್ ಸಾಕು. ಎಲ್ಲರೂ ಆಂಡ್ರಾಯ್ಡ್, ಕ್ರೋಮ್ ಆದರೆ ಗೂಗಲ್‌ನದು ಸಾಕು. ಬೆರೆತಿದ್ದರೆ ಬಿಟ್‌ವಾರ್ಡನ್. ಅದರ ಪುಕ್ಕಟೆ ರೂಪದಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಎಷ್ಟು ಸಾಧನಗಳಲ್ಲಿ ಬೇಕಾದರೂ ಇಡಬಹುದು. ಸಾಫ್ಟ್‌ವೇರಿನ ಕೋಡ್ ಎಲ್ಲರೂ ಓದಲು ತೆರೆದಿಟ್ಟಿದ್ದಾರೆ. 1ಪಾಸ್‌ವರ್ಡ್‌ಗೆ ಪುಕ್ಕಟೆ ರೂಪ ಇಲ್ಲ. ಆದರೆ ಅದರ ಕುಟುಂಬ ಯೋಜನೆಯಲ್ಲಿ ಐದು ಜನ ಸೇರಬಹುದು. ಯಾರಾದರೂ ಮುಖ್ಯ ಪಾಸ್‌ವರ್ಡ್ ಮರೆತರೆ ಮನೆಯ ಇನ್ನೊಬ್ಬರು ಅವರನ್ನು ಒಳಗೆ ಸೇರಿಸಿಕೊಳ್ಳಬಹುದು. ಮರೆಯುವವರು ಇರುವ ಮನೆಯಲ್ಲಿ ಇದಕ್ಕಾಗಿಯೇ ದುಡ್ಡು ಕೊಟ್ಟರೂ ತಪ್ಪಿಲ್ಲ. ಕೀಪಾಸ್‌ನಲ್ಲಿ ಎಲ್ಲವೂ ನಿಮ್ಮ ಕಂಪ್ಯೂಟರಿನ ಒಂದು ಕಡತದಲ್ಲಿ ಇರುತ್ತದೆ, ಯಾವ ಕಂಪನಿಯ ಹಂಗೂ ಇಲ್ಲ. ಆ ಕಡತ ಕಳೆದರೆ ಅಳಬೇಕಾದವರೂ ನೀವೊಬ್ಬರೇ.

"ಎಲ್ಲ ಒಂದೇ ಕಡೆ ಇಟ್ಟರೆ ಕದ್ದೊಯ್ಯುವುದಿಲ್ವಾ?" ನ್ಯಾಯವಾದ ಪ್ರಶ್ನೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಕಂಪನಿಯಿಂದ ಗ್ರಾಹಕರ ಪೆಟ್ಟಿಗೆಗಳ ನಕಲನ್ನೇ ಕಳ್ಳರು ಹೊತ್ತೊಯ್ದರು. ಪಾಸ್‌ವರ್ಡ್‌ಗಳಿಗೆ ಬೀಗ ಇತ್ತು, ಜಾಲತಾಣಗಳ ವಿಳಾಸಗಳಿಗೆ ಇರಲಿಲ್ಲ. ಮುಖ್ಯ ಪಾಸ್‌ವರ್ಡ್ ಗಿಡ್ಡವಾಗಿ ಇಟ್ಟುಕೊಂಡವರಿಗೆ ಭಯಪಡಲು ಕಾರಣ ಇತ್ತು. ಆದ್ದರಿಂದ ಅದೊಂದನ್ನು ಉದ್ದ ಇಡಿ. ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿದರೆ ನೆನಪೂ ಉಳಿಯುತ್ತದೆ.

ಇದರ ಇನ್ನೊಂದು ಲಾಭ ದೊಡ್ಡಮ್ಮನಿಂದಲೇ ನನಗೆ ತಿಳಿದದ್ದು. ಒಂದು ಸಂಜೆ ಕರೆ ಮಾಡಿ, "ನೀನು ಹಾಕಿಕೊಟ್ಟಿದ್ದು ಕೆಟ್ಟುಹೋಗಿದೆ ಕಣೋ, ಪಾಸ್‌ವರ್ಡ್ ತಾನಾಗಿ ತುಂಬ್ತಾ ಇಲ್ಲ" ಅಂದರು. ಪರದೆಯ ಫೋಟೋ ಕಳಿಸಿ ಅಂದೆ. ಪುಟ ನೋಡಲು ಥೇಟ್ ಅವರ ಇಮೇಲ್‌ನದೇ. ವಿಳಾಸದಲ್ಲಿ ಒಂದು ಅಕ್ಷರ ಜಾಸ್ತಿ. ಕಣ್ಣಿಗೆ ಕಾಣದ ಆ ಅಕ್ಷರ ಸಾಫ್ಟ್‌ವೇರಿಗೆ ಕಂಡಿತ್ತು.

ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವ ಎರಡನೇ ಬೀಗದ ವಿಷಯ ಚುಟುಕಾಗಿ. ಎಸ್ಎಂಎಸ್ ಒಟಿಪಿ ಇಲ್ಲದಿರುವುದಕ್ಕಿಂತ ಮೇಲು, ಆದರೆ ನಿಮ್ಮ ನಂಬರಿನ ಸಿಮ್ ಬೇರೆಯವರ ಕೈಗೆ ಹೋದರೆ ಒಟಿಪಿಯೂ ಹೋಯಿತು. ಪ್ರತಿ 30 ಸೆಕೆಂಡಿಗೆ ಹೊಸ ಸಂಖ್ಯೆ ಕೊಡುವ ಅಥೆಂಟಿಕೇಟರ್ ಆ್ಯಪ್ ಅದಕ್ಕಿಂತ ಮೇಲು. ಪಾಸ್‌ವರ್ಡ್ ಬದಲು ಬೆರಳಚ್ಚು ಅಥವಾ ಫೋನಿನ ಬೀಗದಿಂದಲೇ ಒಳಹೋಗುವ ಪಾಸ್‌ಕೀ ಎಲ್ಲಕ್ಕಿಂತ ಮೇಲು, ಏಕೆಂದರೆ ನಕಲಿ ತಾಣಕ್ಕೆ ಅದನ್ನು ಕೊಡಬೇಕೆಂದರೂ ಕೊಡಲು ಆಗುವುದಿಲ್ಲ. ಮೊದಲು ಇಮೇಲ್‌ಗೆ ಹಾಕಿ. ಉಳಿದ ಎಲ್ಲ ಪಾಸ್‌ವರ್ಡ್ ಬದಲಿಸುವ ದಾರಿ ಅಲ್ಲಿಂದಲೇ ಹೋಗುತ್ತದೆ.

ಉಳಿದ ಚಿಲ್ಲರೆ

ವಿಪಿಎನ್ ವೈರಸ್ ತಡೆಯುವುದಿಲ್ಲ, ಮೋಸದ ಪುಟವನ್ನೂ ತಡೆಯುವುದಿಲ್ಲ. ನೀವು ಏನು ನೋಡುತ್ತೀರಿ ಅನ್ನುವುದು ಇಂಟರ್ನೆಟ್ ಕಂಪನಿಗೆ ಕಾಣದೆ ವಿಪಿಎನ್ ಕಂಪನಿಗೆ ಕಾಣುತ್ತದೆ, ಅಷ್ಟೇ. ಕುಟುಂಬದ ಕಾವಲಿಗೆ ಅಂತ ಇದನ್ನು ಕೊಳ್ಳಬೇಕಿಲ್ಲ.

ಆದರೆ ಬ್ರೌಸರಿನಲ್ಲಿ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ತಪ್ಪದೆ ಹಾಕಿ. ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬರುವ ಜಾಹೀರಾತುಗಳಲ್ಲೇ ನಕಲಿ ತಾಣಗಳು ಕೂತಿರುತ್ತವೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಆ್ಯಡ್ ಬ್ಲಾಕರ್ ಬಳಸಿ ಅಂತ ಸಲಹೆ ಕೊಟ್ಟಿತ್ತು. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ರೂಪ ಸಿಗುತ್ತದೆ, ಕ್ರೋಮ್‌ನಲ್ಲಿ ಈಗ ಲೈಟ್ ರೂಪ ಮಾತ್ರ.

ವಯಸ್ಸಾದವರ ಫೋನಿನಲ್ಲಿ ದೂರದಿಂದಲೇ ಫೋನು ನೋಡಿ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ್ದು ಕಂಡರೆ ಯಾರು ಹಾಕಿದ್ದು ಅಂತ ಕೇಳಿ. ಸಾಫ್ಟ್‌ವೇರ್ ಒಳ್ಳೆಯದೇ, ಆದರೆ "ಬ್ಯಾಂಕಿನಿಂದ ಮಾತಾಡ್ತಿದ್ದೀವಿ" ಅನ್ನುವವರು ಮೊದಲು ಹಾಕಿಸುವುದು ಇದನ್ನೇ. ಮನೆಯವರೇ ತಮ್ಮ ಕೈಯಾರೆ ಹಾಕಿ ಅನುಮತಿ ಕೊಟ್ಟಾಗ ಯಾವ ಆಂಟಿವೈರಸ್ಸೂ ಬಾಯಿ ಬಿಡುವುದಿಲ್ಲ.

ಹಾಕಿದ ಮೇಲೆ

ಒಂದು ಸಲ ಪರೀಕ್ಷೆ ಮಾಡಿ ನೋಡಿ. ಆಂಟಿವೈರಸ್‌ಗೆ ಐಕಾರ್ ಅನ್ನುವ 68 ಅಕ್ಷರದ ಪರೀಕ್ಷಾ ಕಡತ ಇದೆ. ಅದರಿಂದ ಯಾವ ಹಾನಿಯೂ ಇಲ್ಲ, ಆದರೆ ಆಂಟಿವೈರಸ್‌ಗಳು ಅದನ್ನು ಕಂಡರೆ ಕೂಗಬೇಕು ಅಂತ ಒಪ್ಪಂದ. ಇಳಿಸಿಕೊಳ್ಳಲು ಹೋದಾಗ ನಿಮ್ಮದು ಸುಮ್ಮನಿದ್ದರೆ ಅದು ಮಲಗಿದೆ ಅಂತ ಅರ್ಥ. ಪಾಸ್‌ವರ್ಡ್ ಮ್ಯಾನೇಜರ್‌ಗೆ ಬೇರೊಂದು ಫೋನಿನಿಂದ ಒಳಹೋಗಿ ನೋಡಿ. ತುರ್ತಿಗೆ ಅಂತ ಕೊಟ್ಟ ರಿಕವರಿ ಕೋಡ್ ಕಾಗದದ ಮೇಲೆ ಇದೆಯಾ, ಅದೇ ಫೋನಿನ ಒಳಗೆ ಇದೆಯಾ ನೋಡಿ.

ಡಿಎನ್‌ಎಸ್‌ನಲ್ಲಿ ನಾನೇ ಎಡವಿದ್ದೆ. 1.1.1.3 ಹಾಕಿ, ತಡೆಯುತ್ತಿದೆ ಅಂತ ನೋಡಿ, ನೆಮ್ಮದಿಯಾಗಿ ಎದ್ದು ಬಂದೆ. ಮರುದಿನ ಅದೇ ಪುಟ ತೆರೆದುಕೊಳ್ಳುತ್ತಿತ್ತು. ಒಮ್ಮೆ ತಡೆಯುತ್ತದೆ, ಒಮ್ಮೆ ಬಿಡುತ್ತದೆ. ರೂಟರಿನ ಪುಟದಲ್ಲಿ ಡಿಎನ್‌ಎಸ್‌ಗೆ ಎರಡು ಖಾನೆ ಇರುತ್ತವೆ. ಎರಡನೆಯದರಲ್ಲಿ ಹಳೆಯ ನಂಬರ್ ಹಾಗೇ ಕೂತಿತ್ತು. ಅಲ್ಲಿ 1.0.0.3 ಹಾಕಬೇಕು.